ಅಪ್ಪ ಅಮ್ಮನ ತಲೆಭಾರ ಇಳಿಸುವ ಪೇರೆಂಟಿಂಗ್ ಕೋರ್ಸ್ ಯಾವುದು?

ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಫೋನಿನ ತುಂಬಾ ಪೇರೆಂಟಿಂಗ್ ಕೋರ್ಸ್‌ಗಳ ಜಾಹೀರಾತು ಶುರುವಾಗುತ್ತದೆ. ಹಟ ಬಿಡಿಸುವುದು ಹೇಗೆ, ಕೂಗಾಡದೆ ಬೆಳೆಸುವುದು ಹೇಗೆ, ಮೊಬೈಲ್ ಇಲ್ಲದೆ ಊಟ ಮಾಡಿಸುವುದು ಹೇಗೆ. ಒಂದು ಭಾನುವಾರದ ವರ್ಕ್‌ಶಾಪ್, ಇನ್ನೊಂದು ಎಂಟು ವಾರದ ಗುಂಪು, ಮತ್ತೊಂದು ಯಾವಾಗ ಬೇಕಾದರೂ ನೋಡಬಹುದಾದ ವೀಡಿಯೊ ಪ್ಯಾಕ್. ಯಾವುದಕ್ಕೆ ಸೇರೋಣ ಅಂತ ಕೇಳುವವರು ಜಾಸ್ತಿ ಇದ್ದಾರೆ. ಕೇಳುವುದು ಮಗುವಿನ ಬಗ್ಗೆ. ಆದರೆ ಸ್ವಲ್ಪ ಮಾತಾಡಿಸಿದರೆ ಹೊರಗೆ ಬರುವುದೇ ಬೇರೆ: ನಿದ್ದೆ ಇಲ್ಲ, ಸಣ್ಣದಕ್ಕೂ ಸಿಟ್ಟು ಬರುತ್ತದೆ, ಬೈದ ಮೇಲೆ ಬಾತ್‌ರೂಮಿಗೆ ಹೋಗಿ ಅಳುವಂತಾಗುತ್ತದೆ, ಗಂಡ ಹೆಂಡತಿ ನೆಟ್ಟಗೆ ಕೂತು ಮಾತಾಡಿ ಎಷ್ಟೋ ದಿನವಾಯಿತು.

ಹಾಗಾಗಿ ಇಲ್ಲಿ ಕೋರ್ಸ್‌ಗಳನ್ನು ಒಂದೇ ಕಡೆಯಿಂದ ನೋಡುತ್ತೇನೆ. ಅದಕ್ಕೆ ಹೋಗಿ ಬಂದ ಮೇಲೆ ಅಪ್ಪ ಅಮ್ಮನ ಮನಸ್ಸು ಹಗುರಾಗುತ್ತದಾ? ಮಗುವಿನ ನಡವಳಿಕೆ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಈ ಕಡೆ ನೋಡುವವರು ಕಡಿಮೆ.

ನಿಜವಾಗಿ ಪ್ರಯೋಜನ ಇದೆಯಾ?

ಇದೆ. ಆದರೆ ಜಾಹೀರಾತಿನಲ್ಲಿ ಹೇಳುವಷ್ಟಲ್ಲ. ಆರೋಗ್ಯದ ಬಗೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ಗುಂಪಿನಲ್ಲಿ ನಡೆಯುವ ಪೇರೆಂಟಿಂಗ್ ಕೋರ್ಸ್‌ಗಳ ಮೇಲಿನ 48 ಅಧ್ಯಯನಗಳನ್ನು, ಒಟ್ಟು 4,937 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಅವರು ನೋಡಿದ್ದು ಮಕ್ಕಳನ್ನಲ್ಲ, ಪೋಷಕರ ಮನಸ್ಥಿತಿಯನ್ನು. ಕೋರ್ಸ್ ಮುಗಿದ ಕೂಡಲೇ ಒತ್ತಡ, ಆತಂಕ, ಖಿನ್ನತೆ ಸ್ವಲ್ಪ ಇಳಿದಿತ್ತು. ಸಿಟ್ಟು ಮತ್ತು 'ನನ್ನಿಂದಲೇ ಎಲ್ಲಾ ಹಾಳಾಯಿತು' ಅನ್ನುವ ಭಾವನೆ ಇನ್ನೂ ಚೆನ್ನಾಗಿ ಇಳಿದಿತ್ತು. ಆತ್ಮವಿಶ್ವಾಸವೂ, ಗಂಡ ಹೆಂಡತಿಯ ಸಂಬಂಧವೂ ಸ್ವಲ್ಪ ಸುಧಾರಿಸಿತ್ತು. ಆರು ತಿಂಗಳಾದ ಮೇಲೆ ಒತ್ತಡ ಮತ್ತು ಆತ್ಮವಿಶ್ವಾಸದ ವಿಷಯದಲ್ಲಿ ಮಾತ್ರ ಲಾಭ ಉಳಿದಿತ್ತು. ಒಂದು ವರ್ಷದ ಹೊತ್ತಿಗೆ ಖಚಿತವಾಗಿ ಹೇಳುವಂಥ ವ್ಯತ್ಯಾಸ ಯಾವುದರಲ್ಲೂ ಇರಲಿಲ್ಲ.

ಇದನ್ನು ಓದಿ ಬೇಸರ ಮಾಡಿಕೊಳ್ಳಬೇಡಿ. ಪುಟ್ಟ ಮಗು ಇರುವ ಮನೆಯಲ್ಲಿ ಆರು ತಿಂಗಳು ಸ್ವಲ್ಪ ನಿರಾಳವಾಗಿ ಕಳೆದರೆ ಅದು ದೊಡ್ಡ ವಿಷಯವೇ. ಆದರೆ ಕೋರ್ಸ್ ಆರಿಸುವಾಗ ಈ ಸಂಗತಿ ತಲೆಯಲ್ಲಿ ಇರಬೇಕು, ಯಾಕೆಂದರೆ ಮುಗಿದ ಮೇಲೆ ಏನು ಅನ್ನುವುದನ್ನು ಯೋಚಿಸಿ ರೂಪಿಸಿದ ಕೋರ್ಸಿಗೂ, ಕೊನೆಯ ದಿನ ಸರ್ಟಿಫಿಕೇಟ್ ಕೊಟ್ಟು ಫೋಟೋ ತೆಗೆದು ಕಳಿಸುವ ಕೋರ್ಸಿಗೂ ಬಹಳ ವ್ಯತ್ಯಾಸ.

ಯಾವುದನ್ನು ನೋಡಿ ಅಳೆಯಬೇಕು

ಮೊದಲು ನೋಡಬೇಕಾದ್ದು, ಅಲ್ಲಿ ಬರೀ ಕೇಳಿಸಿಕೊಳ್ಳುತ್ತೀರಾ ಅಥವಾ ಮಾಡಿ ನೋಡುತ್ತೀರಾ ಅನ್ನುವುದು. 2008ರಲ್ಲಿ ಅಮೆರಿಕದಲ್ಲಿ ಹಲವು ಕೋರ್ಸ್‌ಗಳ ಒಳಗೆ ಏನೇನಿದೆ ಅಂತ ಬಿಡಿಸಿ ನೋಡಿದ ಒಂದು ವಿಶ್ಲೇಷಣೆ ಬಂತು. ತರಬೇತಿ ಹೊತ್ತಿನಲ್ಲೇ ಪೋಷಕರು ತಮ್ಮ ಸ್ವಂತ ಮಗುವಿನ ಜೊತೆ ಅಭ್ಯಾಸ ಮಾಡುವ ಕೋರ್ಸ್‌ಗಳಲ್ಲಿ ಫಲ ಹೆಚ್ಚು ಕಂಡಿತ್ತು. ಕೇಳಿದ್ದು ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ, ಮಾಡಿದ್ದು ಕೈಗೆ ಹತ್ತುತ್ತದೆ.

ಎರಡನೆಯದು ಜನ. ನಿಮ್ಮ ಹಾಗೇ ಇರುವ ಇನ್ನು ನಾಲ್ಕು ಮನೆಯವರು ಎದುರಿಗೆ ಕೂತಿರುತ್ತಾರಾ? ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ. 'ನನ್ನ ಮಗನೂ ಅಂಗಡಿ ಮುಂದೆ ಬಿದ್ದು ಹೊರಳಾಡುತ್ತಾನೆ' ಅಂತ ಇನ್ನೊಬ್ಬ ತಾಯಿ ಬಾಯಿಬಿಟ್ಟು ಹೇಳಿದಾಗ ಆಗುವ ಸಮಾಧಾನ ಸ್ಲೈಡ್ ನೋಡಿದರೆ ಬರುವುದಿಲ್ಲ.

ಮೂರನೆಯದು, ಅಪ್ಪ ಬರುವ ಹಾಗಿದೆಯಾ? ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಕ್ಲಾಸ್ ಇಟ್ಟರೆ ಯಾರು ಬರುತ್ತಾರೆ ಅಂತ ಹೇಳಬೇಕಾಗಿಲ್ಲ. ಆಮೇಲೆ ಭಾಷೆ. ಸಿಟ್ಟು, ಅಳು, ಅತ್ತೆಯ ಮಾತು ಇವೆಲ್ಲ ಕನ್ನಡದಲ್ಲೇ ನಡೆಯುವ ಮನೆಯವರು ಇಂಗ್ಲಿಷ್ ಕ್ಲಾಸಿನಲ್ಲಿ ಕೂತು ಮನಸ್ಸು ಬಿಚ್ಚುವುದು ಕಷ್ಟ. ಆಮೇಲೆ ಖರ್ಚು: ಫೀಸು ಮಾತ್ರ ಅಲ್ಲ, ಹೋಗಿ ಬರುವ ಹೊತ್ತು, ಆಗ ಮಗುವನ್ನು ನೋಡಿಕೊಳ್ಳುವವರು ಯಾರು ಅನ್ನುವುದೂ ಸೇರಿ.

ಇನ್ನೊಂದು ಅಳತೆ ಇದೆ, ಯಾರೂ ಹೇಳುವುದಿಲ್ಲ. ಈ ಕೋರ್ಸ್ ನಿಮ್ಮ ತಪ್ಪಿತಸ್ಥ ಭಾವನೆಯನ್ನು ಇಳಿಸುತ್ತದಾ, ಏರಿಸುತ್ತದಾ? 'ಮೊದಲ ಐದು ವರ್ಷ ಹೋದರೆ ಹೋಯಿತು', 'ನೀವು ಒಂದು ಸಲ ಕೂಗಿದರೂ ಮಗುವಿನ ಮಿದುಳಿಗೆ ಪೆಟ್ಟು' ಅಂತೆಲ್ಲ ಹೆದರಿಸಿ ಮಾರುವ ಕೋರ್ಸ್ ಏನು ಕಲಿಸಿದರೂ ತಾಯಿಯ ನಿದ್ದೆಯನ್ನಂತೂ ಕೆಡಿಸುತ್ತದೆ. ಜಾಹೀರಾತಿನಲ್ಲೇ ಹೆದರಿಸುವವರನ್ನು ಬಿಟ್ಟುಬಿಡಿ.

ವಾರವಾರ ಸೇರುವ ಗುಂಪು

ಹೆಚ್ಚಿನ ಪುರಾವೆ ಇರುವುದು ಇದರ ಪರವಾಗಿಯೇ. ಕಾಕ್ರೇನ್ ನೋಡಿದ್ದೂ ಇಂಥವನ್ನೇ. ಜಗತ್ತಿನಲ್ಲಿ ಹೆಚ್ಚು ಅಧ್ಯಯನವಾದ ಎರಡು ಮಾದರಿಗಳು ಗೊತ್ತಿದ್ದರೆ ಹೋಲಿಸಲು ಸುಲಭ. ಒಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಸ್ಯಾಂಡರ್ಸ್ ರೂಪಿಸಿದ 'ಟ್ರಿಪಲ್ ಪಿ'. ಇದರ ಗುಂಪಿನ ಕೋರ್ಸಿನಲ್ಲಿ ಐದು ಸಲ ಎದುರಾಬದುರು ಸೇರುತ್ತಾರೆ, ಮೂರು ಸಲ ತರಬೇತುದಾರರು ಫೋನ್ ಮಾಡಿ 'ಮನೆಯಲ್ಲಿ ಹೇಗೆ ನಡೀತಿದೆ' ಅಂತ ವಿಚಾರಿಸುತ್ತಾರೆ. ಇನ್ನೊಂದು ಅಮೆರಿಕದ ಸಿಯಾಟಲ್‌ನಲ್ಲಿ ಕ್ಯಾರೊಲಿನ್ ವೆಬ್‌ಸ್ಟರ್-ಸ್ಟ್ರಾಟನ್ ಶುರುಮಾಡಿದ 'ಇನ್‌ಕ್ರೆಡಿಬಲ್ ಇಯರ್ಸ್'. ಇದು ಮೂರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ನಡೆಯುತ್ತದೆ. ಸಣ್ಣ ಸಣ್ಣ ವೀಡಿಯೊ ದೃಶ್ಯ ತೋರಿಸಿ, ಅದರ ಮೇಲೆ ಗುಂಪಿನಲ್ಲೇ ಚರ್ಚೆ ಮಾಡಿ, ಪಾತ್ರ ಹಾಕಿ ಅಭ್ಯಾಸ ಮಾಡಿಸುತ್ತಾರೆ.

ಈ ಹೆಸರಿನವು ನಿಮ್ಮ ಊರಿನಲ್ಲಿ ಸಿಗದೇ ಇರಬಹುದು. ಹೆಸರಿಗಿಂತ ಮಾದರಿ ಮುಖ್ಯ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ಊರಿನಲ್ಲಿ ಆಪ್ತಸಮಾಲೋಚಕರು ನಡೆಸುವ ಗುಂಪು ಕಂಡರೆ ಹೀಗೆ ಕೇಳಿ: ಎಷ್ಟು ವಾರ, ಎಷ್ಟು ಜನ, ಮನೆಯಲ್ಲಿ ಮಾಡಲು ಏನು ಕೊಡುತ್ತೀರಿ, ನಡುವೆ ಫೋನ್ ಮಾಡುತ್ತೀರಾ? ಉತ್ತರ ಸ್ಪಷ್ಟವಾಗಿ ಬಂದರೆ ಒಳ್ಳೆಯ ಲಕ್ಷಣ.

ಇದರ ಕಷ್ಟ ಇರುವುದು ಹೊತ್ತಿನಲ್ಲಿ. ಎರಡು ತಿಂಗಳು ವಾರಕ್ಕೊಂದು ಸಂಜೆ ಬಿಡುವು ಮಾಡಿಕೊಳ್ಳುವುದು ಕೆಲಸಕ್ಕೆ ಹೋಗುವ ತಾಯಿಗೆ ಸುಲಭವಲ್ಲ. ನಾಲ್ಕನೇ ವಾರ ಮಗುವಿಗೆ ಜ್ವರ ಬರುತ್ತದೆ, ಐದನೇ ವಾರ ಊರಲ್ಲಿ ಮದುವೆ. ತಪ್ಪಿದ ಕ್ಲಾಸಿಗೆ ಅವರೇನು ಮಾಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಹದಿಹರೆಯದ ಮಕ್ಕಳಿರುವವರಿಗೂ ಈ ಮಾದರಿಯೇ ಒಳ್ಳೆಯದು. ದಕ್ಷಿಣ ಆಫ್ರಿಕಾದ ಬಡ ಪ್ರದೇಶವೊಂದರಲ್ಲಿ 552 ಕುಟುಂಬಗಳ ಜೊತೆ ನಡೆಸಿದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಒಟ್ಟು 14 ಸಲ ಸೇರುವ ಕಾರ್ಯಕ್ರಮ, ಅದರಲ್ಲಿ ದುಡ್ಡು ಉಳಿಸುವ ಪಾಠವೂ ಇತ್ತು. ತಿಂಗಳುಗಳಾದ ಮೇಲೆ ನೋಡಿದರೆ ಹೊಡೆತ ಬಡಿತ ಕಡಿಮೆಯಾಗಿತ್ತು, ದೊಡ್ಡವರ ಮಾನಸಿಕ ಆರೋಗ್ಯ ಸುಧಾರಿಸಿತ್ತು, ಒತ್ತಡ ಇಳಿದಿತ್ತು, ತಮಗೆ ಜೊತೆ ಇದೆ ಅನ್ನುವ ಭಾವನೆ ಹೆಚ್ಚಿತ್ತು. ಮಕ್ಕಳ ಮಾನಸಿಕ ಆರೋಗ್ಯದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇಂಥ ಕೋರ್ಸಿನಿಂದ ಮೊದಲು ಹಗುರಾಗುವುದು ದೊಡ್ಡವರೇ ಆಗಿರಬಹುದು. ಹದಿನಾಲ್ಕು ವರ್ಷದ ಮಗಳು ಇನ್ನೂ ಬಾಗಿಲು ಹಾಕಿಕೊಂಡು ಕೂರುತ್ತಾಳೆ ಅಂತ ಕೋರ್ಸ್ ಅರ್ಧಕ್ಕೆ ಬಿಡುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಒಂದು ದಿನದ ವರ್ಕ್‌ಶಾಪ್, ಶಾಲೆಯ ಭಾಷಣ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಖರ್ಚು ಕಡಿಮೆ, ಶಾಲೆಯಲ್ಲಾದರೆ ಉಚಿತವೇ. ಹೊಸ ವಿಷಯ ಒಂದೆರಡು ಸಿಗುತ್ತದೆ, ಒಳ್ಳೆಯ ಸಮಾಲೋಚಕರ ಪರಿಚಯವೂ ಆಗುತ್ತದೆ. ಆದರೆ ಅಭ್ಯಾಸ ಇಲ್ಲ, ಮುಂದೆ ವಿಚಾರಿಸುವವರಿಲ್ಲ. ರುಚಿ ನೋಡಲು ಹೋಗಿ, ಸಾವಿರಾರು ರೂಪಾಯಿ ಕೊಟ್ಟು ಮಾತ್ರ ಹೋಗಬೇಡಿ.

ಫೋನಿನಲ್ಲೇ ಕಲಿಯುವ ಕೋರ್ಸ್

ರಾತ್ರಿ ಹತ್ತೂವರೆಗೆ ಮಗು ಮಲಗಿದ ಮೇಲೆ ಮಾತ್ರ ಬಿಡುವು ಸಿಗುವವರಿಗೆ, ಹಳ್ಳಿಯಲ್ಲಿ ಇರುವವರಿಗೆ, ಗುಂಪಿನಲ್ಲಿ ಬಾಯಿ ಬಿಡಲು ಸಂಕೋಚಪಡುವವರಿಗೆ ಇದೊಂದೇ ದಾರಿ ಆಗಿರಬಹುದು. ಚೆನ್ನಾಗಿ ರೂಪಿಸಿದ ಆನ್‌ಲೈನ್ ಕೋರ್ಸ್ ಪೋಷಕರಿಗೆ ಕೆಲಸಕ್ಕೆ ಬರುತ್ತದೆ ಅನ್ನುವುದಕ್ಕೆ ಅಧ್ಯಯನಗಳೂ ಇವೆ. ಟ್ರಿಪಲ್ ಪಿಯ ಆನ್‌ಲೈನ್ ರೂಪ ಅಂಥದ್ದೊಂದು. ಆಸ್ಟ್ರೇಲಿಯಾದಲ್ಲಿ 12 ವರ್ಷದೊಳಗಿನ ಮಕ್ಕಳ ಪೋಷಕರಿಗೆ ಸರ್ಕಾರವೇ ದುಡ್ಡು ಕೊಟ್ಟು ಇದನ್ನು ಉಚಿತ ಮಾಡಿದೆ, ಹಾಗಾಗಿ ಮೆಲ್ಬರ್ನ್, ಸಿಡ್ನಿಯಲ್ಲಿರುವ ಕನ್ನಡಿಗರು ಬೇರೆ ಕಡೆ ಫೀಸು ಕಟ್ಟುವ ಮುಂಚೆ ಅದನ್ನು ನೋಡಬೇಕು.

ಇಲ್ಲಿನವರಿಗೂ ಉಚಿತವಾದದ್ದು ಇದೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಕೆಲವು ವಿಶ್ವವಿದ್ಯಾಲಯಗಳು ಸೇರಿ 'ಪೇರೆಂಟಿಂಗ್ ಫಾರ್ ಲೈಫ್‌ಲಾಂಗ್ ಹೆಲ್ತ್' ಅಂತ ಮಾಡಿವೆ. ಕೈಪಿಡಿಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಇಂಗ್ಲಿಷ್ ಓದುವ ಅಭ್ಯಾಸ ಇದ್ದರೆ, ದುಡ್ಡು ಕೊಟ್ಟು ವೀಡಿಯೊ ಪ್ಯಾಕ್ ಕೊಳ್ಳುವ ಮುಂಚೆ ಇದನ್ನು ಓದಿ. ಬಹಳಷ್ಟು ಪ್ಯಾಕ್‌ಗಳಲ್ಲಿ ಇರುವುದೂ ಇವೇ ವಿಷಯಗಳು: ದಿನಕ್ಕೆ ಸ್ವಲ್ಪ ಹೊತ್ತು ಮಗು ಹೇಳಿದ ಆಟ ಆಡುವುದು, ಒಳ್ಳೆಯದನ್ನು ಗಮನಿಸಿ ಹೊಗಳುವುದು, ಮನೆಗೆ ಕೆಲವೇ ನಿಯಮ, ಸಿಟ್ಟು ಬಂದಾಗ ನಾವೇ ಸ್ವಲ್ಪ ಆಚೆ ಹೋಗಿ ಉಸಿರು ತೆಗೆದುಕೊಳ್ಳುವುದು.

ಫೋನಿನ ಕೋರ್ಸಿನ ದೊಡ್ಡ ಸಮಸ್ಯೆ, ಅರ್ಧಕ್ಕೆ ಬಿಟ್ಟುಹೋಗುವುದು. ದುಡ್ಡು ಕೊಟ್ಟಾಗಿದೆ, ಎರಡು ವೀಡಿಯೊ ನೋಡಿಯಾಯಿತು, ಉಳಿದದ್ದು ಹಾಗೇ ಇದೆ. ಕೊನೆಗೆ ಅದೂ ಒಂದು 'ನನ್ನಿಂದ ಆಗಲಿಲ್ಲ' ಅನ್ನುವ ಪಟ್ಟಿಗೆ ಸೇರುತ್ತದೆ. ಇದನ್ನು ತಪ್ಪಿಸಲು ಒಂದೇ ಉಪಾಯ ನನಗೆ ಗೊತ್ತು: ಒಬ್ಬರೇ ನೋಡಬೇಡಿ. ಗಂಡ ಹೆಂಡತಿ ಒಟ್ಟಿಗೆ ನೋಡಿ, ಅಥವಾ ಅಕ್ಕನೋ ಗೆಳತಿಯೋ ಅವರ ಮನೆಯಲ್ಲಿ ಅದೇ ಪಾಠ ನೋಡಲಿ, ಶನಿವಾರ ಫೋನಿನಲ್ಲಿ ಮಾತಾಡಿಕೊಳ್ಳಿ. ಇಷ್ಟು ಮಾಡಿದರೆ ಉಚಿತ ಕೋರ್ಸಿನಲ್ಲೂ ಗುಂಪಿನ ಲಾಭ ಸ್ವಲ್ಪ ಸಿಗುತ್ತದೆ.

ಏನೂ ಕಲಿಸದ, ಬರೀ ಮಾತಾಡುವ ಗುಂಪು

ಇದನ್ನು ಕೋರ್ಸ್ ಅಂತ ಯಾರೂ ಕರೆಯುವುದಿಲ್ಲ, ಆದರೆ ಹೋಲಿಕೆಯಲ್ಲಿ ಇದಕ್ಕೆ ಜಾಗ ಇರಲೇಬೇಕು. ಮಕ್ಕಳನ್ನು ನೋಡಿಕೊಂಡು ನೋಡಿಕೊಂಡೇ ಪೂರ್ತಿ ಬಸವಳಿದ ಅಪ್ಪ ಅಮ್ಮಂದಿರ ಬಗ್ಗೆ ಬೆಲ್ಜಿಯಂನ ಇಸಾಬೆಲ್ ರೋಸ್ಕಾಂ ಮತ್ತು ಮೊಯಿರಾ ಮಿಕೊಲಾಯ್‌ಚಾಕ್ ಅನ್ನುವ ಸಂಶೋಧಕರು ಬಹಳ ಕೆಲಸ ಮಾಡಿದ್ದಾರೆ. 2020ರಲ್ಲಿ ಅವರ ತಂಡ ಎರಡು ಬಗೆಯ ಗುಂಪುಗಳನ್ನು ಹೋಲಿಸಿತು. ಒಂದರಲ್ಲಿ ಒತ್ತಡ ಹೆಚ್ಚಿಸುವುದು ಯಾವುದು, ಇಳಿಸುವುದು ಯಾವುದು ಅಂತ ಕ್ರಮವಾಗಿ ಕಲಿಸಿದರು. ಇನ್ನೊಂದರಲ್ಲಿ ಪಾಠವೇ ಇಲ್ಲ, ಪೋಷಕರು ಮಾತಾಡಿದರು, ಉಳಿದವರು ಕೇಳಿಸಿಕೊಂಡರು. ಎರಡರಲ್ಲೂ ಬಸವಳಿಕೆ ಹೆಚ್ಚು ಕಡಿಮೆ ಒಂದೇ ಮಟ್ಟಿಗೆ ಇಳಿಯಿತು.

ಇದರ ಅರ್ಥ ದೊಡ್ಡದು. ದುಡ್ಡಿಲ್ಲ, ಊರಲ್ಲಿ ಕೋರ್ಸಿಲ್ಲ, ಇಂಗ್ಲಿಷ್ ಬರುವುದಿಲ್ಲ ಅನ್ನುವವರಿಗೂ ದಾರಿ ಇದೆ. ಆ ಪ್ರಯೋಗದಲ್ಲಿ ಗುಂಪನ್ನು ನಡೆಸಿದವರು ತರಬೇತಿ ಪಡೆದವರು ಅನ್ನುವುದು ನಿಜ, ನಾಲ್ಕು ಜನ ಸುಮ್ನೆ ಕೂತು ಹರಟಿದರೆ ಅಷ್ಟೇ ಫಲ ಸಿಗುತ್ತದೆ ಅಂತ ಹೇಳಲಾಗುವುದಿಲ್ಲ. ಆದರೂ ಅಂಗನವಾಡಿಗೆ ಬರುವ ತಾಯಂದಿರು, ಒಂದೇ ಅಪಾರ್ಟ್‌ಮೆಂಟಿನ ಪೋಷಕರು, ಸ್ವಸಹಾಯ ಸಂಘದವರು ಹದಿನೈದು ದಿನಕ್ಕೊಮ್ಮೆ ಕೂತು ಎರಡೇ ನಿಯಮ ಇಟ್ಟುಕೊಂಡರೆ ಸಾಕಷ್ಟು ಆಗುತ್ತದೆ. ಒಬ್ಬರು ಹೇಳುವಾಗ ಉಳಿದವರು ಸಲಹೆ ಕೊಡಬಾರದು. ಇಲ್ಲಿನ ಮಾತು ಆಚೆ ಹೋಗಬಾರದು. ಎರಡನೇ ನಿಯಮ ಪಾಲಿಸಲು ಆಗದ ಊರಾದರೆ ಈ ಆಯ್ಕೆ ಬೇಡ, ಅದರಿಂದ ಆಗುವ ನೋವೇ ಜಾಸ್ತಿ.

ಒಬ್ಬರೇ ಹೋಗಿ ಸಮಾಲೋಚಕರನ್ನು ಕಾಣುವುದು

ಪ್ರತಿ ಸಲದ ಫೀಸು ಸೇರಿಸಿದರೆ ದುಬಾರಿ. ಆದರೆ ಗಂಡ ಹೆಂಡತಿ ನಡುವೆಯೇ ಜಗಳ ಇರುವಾಗ, ಮಗು ಹುಟ್ಟುವ ಮುಂಚಿನ ಯಾವುದೋ ನೋವು ಈಗ ಮತ್ತೆ ಎದ್ದು ಬಂದಾಗ, ಮನೆಯಲ್ಲಿ ಹಿಂಸೆ ಇರುವಾಗ ಗುಂಪಿನ ಕೋರ್ಸ್ ಸರಿಹೊಂದುವುದಿಲ್ಲ. ಅಲ್ಲಿ ಹೇಳಲಾಗದ್ದೇ ನಿಮ್ಮ ನಿಜವಾದ ವಿಷಯ ಆಗಿರುತ್ತದೆ. ಎಂಟು ವಾರದ ಗುಂಪಿಗೆ ಕೊಡುವ ದುಡ್ಡನ್ನು ಮೂರು ನಾಲ್ಕು ಸಲದ ಸಮಾಲೋಚನೆಗೆ ಹಾಕುವುದು ಇಂಥವರಿಗೆ ಮೇಲು.

ಕೋರ್ಸೇ ಬೇಡ, ಡಾಕ್ಟರ್ ಬೇಕು ಅನ್ನುವ ಹೊತ್ತು

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಸೇರಿಸಿ 2017ರಲ್ಲಿ ಮಾಡಿದ ಲೆಕ್ಕದ ಪ್ರಕಾರ ಹೆರಿಗೆಯಾದ ತಾಯಂದಿರಲ್ಲಿ ಸುಮಾರು ಶೇ 22ರಷ್ಟು ಜನರಲ್ಲಿ ಖಿನ್ನತೆ ಕಾಣುತ್ತದೆ. ಅಪ್ಪಂದಿರಿಗೂ ಬರುತ್ತದೆ. ಬೇರೆ ಬೇರೆ ದೇಶಗಳ ಅಧ್ಯಯನ ಸೇರಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಇದು ಶೇ 10ರಷ್ಟಿತ್ತು, ಮಗುವಿಗೆ ಮೂರರಿಂದ ಆರು ತಿಂಗಳಾಗುವ ಹೊತ್ತಿಗೆ ಹೆಚ್ಚು. ನಮ್ಮಲ್ಲಿ ಬಾಣಂತಿಯ ಊಟ, ಎಣ್ಣೆ ಸ್ನಾನ, ಸೊಂಟಕ್ಕೆ ಬಟ್ಟೆ ಎಲ್ಲಾ ವಿಚಾರಿಸುತ್ತಾರೆ. 'ಮನಸ್ಸು ಹೇಗಿದೆ ಮಗಾ' ಅಂತ ಕೇಳುವವರು ಕಡಿಮೆ. ಅಪ್ಪನನ್ನಂತೂ ಯಾರೂ ಕೇಳುವುದಿಲ್ಲ.

ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಆಸೆ ಇಲ್ಲದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಸಾಯುವ ಯೋಚನೆ ಅಥವಾ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಯೋಚನೆ ಬಂದರೆ ಪೇರೆಂಟಿಂಗ್ ಕೋರ್ಸ್ ಹುಡುಕುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. ಮಗುವನ್ನು ಬಿಟ್ಟು ಹೋಗಬೇಕಲ್ಲ ಅಂತ ಹಿಂದೇಟು ಹಾಕುವ ಮನೆಯವರಿಗೆ ಇದನ್ನು ಹೇಳಿ.

ಗುಣವಾಗುತ್ತದಾ ಅಂತ ಅನುಮಾನ ಇದ್ದರೆ ಪಕ್ಕದ ಪಾಕಿಸ್ತಾನದ ಹಳ್ಳಿಗಳ ಒಂದು ಪ್ರಯೋಗ ನೋಡಿ, 2008ರಲ್ಲಿ ಪ್ರಕಟವಾದದ್ದು. ನಮ್ಮ ಆಶಾ ಕಾರ್ಯಕರ್ತೆಯರ ಹಾಗಿರುವ ಅಲ್ಲಿನ ಮಹಿಳಾ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಖಿನ್ನತೆ ಇದ್ದ ಗರ್ಭಿಣಿಯರ ಮನೆಗೆ ಕಳಿಸಿ, ಹೆರಿಗೆಯ ನಂತರವೂ ಮಾತಾಡಿಸುತ್ತಾ ಬಂದರು. ಮಗುವಿಗೆ ಆರು ತಿಂಗಳಾದಾಗ ಈ ತಾಯಂದಿರಲ್ಲಿ ಶೇ 23 ಜನರಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಈ ಮಾತಿನ ಚಿಕಿತ್ಸೆ ಸಿಗದೆ ಬರೀ ಮಾಮೂಲಿ ಭೇಟಿ ಸಿಕ್ಕವರಲ್ಲಿ ಅದು ಶೇ 53.

ವಿಶೇಷ ಕಾಳಜಿ ಬೇಕಾದ ಮಗು ಇದ್ದರೆ

ಆಟಿಸಂ, ಮಾತು ತಡವಾಗುವುದು, ಬೆಳವಣಿಗೆ ನಿಧಾನ ಇರುವ ಮಕ್ಕಳ ಪೋಷಕರು ಸಾಮಾನ್ಯ ಕೋರ್ಸಿಗೆ ಹೋದರೆ ಪಕ್ಕದವರ ಮಗುವಿನ ಜೊತೆ ಹೋಲಿಸಿಕೊಂಡು ಇನ್ನಷ್ಟು ನೊಂದು ಬರುವ ಸಾಧ್ಯತೆ ಇದೆ. ಇವರಿಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ಒಂದು ತರಬೇತಿ ಮಾಡಿದೆ. ಒಂಬತ್ತು ಸಲ ಗುಂಪು, ಮೂರು ಸಲ ಮನೆಗೆ ಭೇಟಿ. ಪೋಷಕರು ತಮ್ಮನ್ನು ತಾವು ನೋಡಿಕೊಳ್ಳುವುದೂ ಅದರ ಪಾಠದ ಭಾಗ. ಆನ್‌ಲೈನಿನಲ್ಲೂ ಇದೆ, ಉಚಿತ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಗುವಿನ ಜೊತೆ ತಾಯಿಗೂ ಕಲಿಸುವ ಪದ್ಧತಿ ಹಿಂದಿನಿಂದ ಇದೆ. ದೂರದಿಂದ ಬರುವವರಿಗೆ ಮನೆ ಬಿಟ್ಟು ಮೈಸೂರಿನಲ್ಲಿ ಉಳಿಯುವ ಖರ್ಚು, ಕೆಲಸ ಬಿಡುವ ಕಷ್ಟ ಇದ್ದೇ ಇದೆ, ಅದು ಸಣ್ಣದಲ್ಲ. ಆದರೆ ಅದೇ ದಾರಿಯಲ್ಲಿರುವ ಬೇರೆ ತಾಯಂದಿರು ಅಲ್ಲಿ ಸಿಗುತ್ತಾರೆ, ಎಷ್ಟೋ ಜನರಿಗೆ ಮುಂದೆ ವರ್ಷಗಟ್ಟಲೆ ಆಸರೆಯಾಗುವುದು ಆ ಪರಿಚಯವೇ.

ಅಪ್ಪಂದಿರ ವಿಷಯ

ಇಂಗ್ಲೆಂಡಿನಲ್ಲಿ 2012ರಿಂದ 2014ರವರೆಗೆ ಸರ್ಕಾರ ಕೆಲವು ಪ್ರದೇಶಗಳ ಪೋಷಕರಿಗೆ 100 ಪೌಂಡ್ ಬೆಲೆಯ ಚೀಟಿ ಕೊಟ್ಟು, ಬೇಕಾದ ಪೇರೆಂಟಿಂಗ್ ಕ್ಲಾಸ್ ಆರಿಸಿಕೊಳ್ಳಿ ಅಂದಿತು. ಬಂದವರಲ್ಲಿ ಬಹುಪಾಲು ತಾಯಂದಿರೇ. ಕಾಕ್ರೇನ್ ಪರಿಶೀಲನೆಯಲ್ಲೂ ಅಪ್ಪಂದಿರ ಮಾಹಿತಿ ಸ್ವಲ್ಪವೇ ಸಿಕ್ಕಿತು. ಆದರೆ ಸಿಕ್ಕ ಅಷ್ಟರಲ್ಲಿ, ಕೋರ್ಸ್ ಮುಗಿದ ಕೂಡಲೇ ಅಪ್ಪಂದಿರ ಒತ್ತಡ ಚೆನ್ನಾಗಿಯೇ ಇಳಿದಿತ್ತು. ಬಂದರೆ ಲಾಭ ಇದೆ, ಬರುವುದೇ ಇಲ್ಲ.

ತಾಯಿ ಒಬ್ಬಳೇ ಕೋರ್ಸಿಗೆ ಹೋದರೆ ಏನಾಗುತ್ತದೆ? ಹೊಸ ನಿಯಮ ಕಲಿತು ಬರುತ್ತಾಳೆ, ಮನೆಯಲ್ಲಿ ಉಳಿದವರಿಗೆ ಅದನ್ನು ಒಪ್ಪಿಸುವ ಕೆಲಸವೂ ಅವಳ ತಲೆಗೇ ಬರುತ್ತದೆ. ನಮ್ಮ ಮನೆಗಳಲ್ಲಿ ಅಜ್ಜಿ ತಾತ ಬೇರೆ ಇರುತ್ತಾರೆ. ಮೊಬೈಲ್ ತೋರಿಸದೆ ಊಟ ಮಾಡಿಸಬೇಕು ಅಂತ ಇವಳು ಅಂದರೆ, 'ನಾವು ಮಕ್ಕಳನ್ನೇ ಸಾಕಿಲ್ವಾ' ಅನ್ನುವ ಮಾತು ಬರುತ್ತದೆ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವ ಅಜ್ಜಿಯ ಸುಸ್ತೂ ನಿಜವೇ ಅಲ್ವಾ? ಅದಕ್ಕೇ ಕೋರ್ಸಿನವರನ್ನು ಕೇಳಿ: ಒಂದು ದಿನವಾದರೂ ಅತ್ತೆಯನ್ನೋ ಅಮ್ಮನನ್ನೋ ಕರೆದುಕೊಂಡು ಬರಬಹುದಾ? ಅಪ್ಪನಿಗೆ ಸಂಜೆ ಅಥವಾ ಭಾನುವಾರದ ಬ್ಯಾಚ್ ಇದೆಯಾ? ನಾಲ್ಕು ಸಲವಾದರೂ ಇಬ್ಬರೂ ಹೋಗಬಹುದಾದ ಸಾಧಾರಣ ಕೋರ್ಸ್, ತಾಯಿ ಒಬ್ಬಳೇ ಹೋಗುವ ಹೆಸರಾಂತ ಕೋರ್ಸಿಗಿಂತ ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಯಾರಿಗೆ ಯಾವುದು

ಮಗುವಿನ ಹಟದಿಂದ ದಿನವೂ ಸಿಟ್ಟು, ಆಮೇಲೆ ಪಶ್ಚಾತ್ತಾಪ ಅನ್ನುವವರು, ವಾರಕ್ಕೊಂದು ಸಂಜೆ ಬಿಡುವು ಮಾಡಿಕೊಳ್ಳಬಲ್ಲವರು ಗುಂಪಿನ ಕೋರ್ಸಿಗೆ ಹೋಗಲಿ. ಬಿಡುವೇ ಇಲ್ಲದವರು ಉಚಿತ ಕೈಪಿಡಿ ಹಿಡಿದು, ಜೊತೆಗೆ ಒಬ್ಬರನ್ನು ಸೇರಿಸಿಕೊಂಡು ಶುರುಮಾಡಲಿ. ಎಲ್ಲಾ ಗೊತ್ತಿದೆ, ಪುಸ್ತಕ ಓದಿದ್ದೇನೆ, ಆದರೆ ಕೈಕಾಲು ಬಿದ್ದುಹೋಗಿದೆ ಅನ್ನುವವರಿಗೆ ಇನ್ನೊಂದು ಪಾಠ ಬೇಡ. ಅವರಿಗೆ ಬೇಕಾದ್ದು ಮಾತಾಡುವ ಗುಂಪು ಮತ್ತು ಮನೆಕೆಲಸದಲ್ಲಿ ಪಾಲು. ಎರಡನೆಯದನ್ನು ಯಾವ ಕೋರ್ಸೂ ಕೊಡುವುದಿಲ್ಲ, ಅದನ್ನು ಮನೆಯಲ್ಲೇ ಕೂತು ತೀರ್ಮಾನ ಮಾಡಬೇಕು.

ದುಡ್ಡು ಕಟ್ಟುವ ಮುಂಚೆ ಮೊದಲ ಕ್ಲಾಸ್ ನೋಡಲು ಬಿಡುತ್ತಾರಾ, ಬೇಡವಾದರೆ ಹಣ ವಾಪಸ್ ಕೊಡುತ್ತಾರಾ, ನಡೆಸುವವರು ಏನು ಓದಿದ್ದಾರೆ ಅಂತ ಕೇಳಿ. ಲಾಭ ವರ್ಷದೊಳಗೆ ಕರಗುತ್ತದೆ ಅಂತ ಗೊತ್ತಿರುವುದರಿಂದ, ಕೋರ್ಸ್ ಮುಗಿದ ಮೇಲೂ ಸೇರುವ ವ್ಯವಸ್ಥೆ ಇದೆಯಾ ಅಂತಲೂ ಕೇಳಿ. ಇಲ್ಲ ಅಂದರೆ ಕೊನೆಯ ಕ್ಲಾಸಿನ ದಿನವೇ ಗುಂಪಿನವರ ನಂಬರ್ ತೆಗೆದುಕೊಂಡು, ಮೂರು ತಿಂಗಳಿಗೊಂದು ಮತ್ತು ಆರು ತಿಂಗಳಿಗೊಂದು ಭಾನುವಾರ ಗೊತ್ತು ಮಾಡಿಕೊಳ್ಳಿ. ಯಾರದಾದರೂ ಮನೆಯೋ ಪಾರ್ಕೋ ಸಾಕು, ಮಕ್ಕಳೂ ಬರಲಿ.